ಒಂದು ಕಿಲೋ ಕನಿಕರ

ಕಟುಕರು ಮಾಡುವ ಕೇಡಿಗೆ ಪೊಲೀಸರಾದರೂ ಇದ್ದಾರೆ. ಕರುಳು ಚುರುಕ್ಕೆನ್ನುವ ಅಪ್ಪಂದಿರನ್ನು ಹಿಡಿಯುವವರೇ ಇಲ್ಲ. ಅದಕ್ಕೇ ನಾನಿನ್ನೂ ಹೊರಗಿದ್ದೇನೆ. ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಲಾರಿ ತೂಗಿಸುವುದು ನನ್ನ ಕೆಲಸ. ಹೀಗಾಗಿ ಟೌನ್‌ಶಿಪ್ಪಿನಲ್ಲಿ ನನ್ನ ಮಾತಿಗೆ ಬೆಲೆ ಇಲ್ಲದಿದ್ದರೂ ನಮ್ಮನೆಯ ತೂಕದ ಮಿಷನ್ನಿಗೆ ಇತ್ತು. ಪಕ್ಕದ ಮನೆಯ ಬಾಣಂತಿ ಕೂಡ ಕೂಸನ್ನು ನಮ್ಮಲ್ಲಿಗೇ ತರುತ್ತಿದ್ದಳು.

ಎರಡು ಸಾವಿರದ ಐದರ ಸುಮಾರಿಗೆ ಹದಿನಾಲ್ಕರ ಮಗಳು ಮೇಘನಾ ಜೂಡೋ ಹಿಡಿದಳು. ಮೊದಮೊದಲು ನನ್ನನ್ನೇ ಚಾಪೆಯ ಮೇಲೆ ಕೆಡವಿ ಕಲಿತಳು. ಬೇಕಾದರೆ ನನ್ನ ಸೊಂಟವನ್ನು ಕೇಳಿ. ವರ್ಷದೊಳಗೆ ವಿಜಯವಾಡದ ರಾಜ್ಯಮಟ್ಟದ ಪಂದ್ಯಕ್ಕೆ ಬಂದು ನಿಂತಳು. ಗೆದ್ದರೆ ನ್ಯಾಷನಲ್ಸ್. ಅವಳ ವಿಭಾಗದಲ್ಲಿ ತೂಕ ಮಾತ್ರ ನಲವತ್ತನಾಲ್ಕು ಕಿಲೋ ಮೀರಬಾರದು. "ನಿಮ್ಮ ನಾನ್ನಗಾರಿಗಿಂತ ಕರೆಕ್ಟಾಗಿ ಯಾರು ತೂಗ್ತಾರಮ್ಮಾ? ಮನೇಲೇ ನೋಡ್ಕೋ" ಎಂದು ಕೋಚ್ ತಮ್ಮ ತೆಲುಗಿನಲ್ಲಿ ಹೇಳಿ ಕೈತೊಳೆದುಕೊಂಡರು. ನಾನ್ನ ಅಂದರೆ ಅಪ್ಪ; ಇಲ್ಲೇ ಬೆಳೆದ ಮಗಳೂ ನನ್ನನ್ನು ಕರೆಯುವುದು ಹಾಗೇ.

ಹತ್ತು ದಿನ ಅರ್ಧ ಚಪಾತಿ, ಸೌತೆಕಾಯಿ. ಮುಳ್ಳು ನಲವತ್ತೈದರಿಂದ ಇಳಿಯದು. ಒಂದು ಸಂಜೆ ಮಗಳು ಮಿಷನ್ ಮೇಲೆ ನಿಂತೇ ಬಿಕ್ಕಿಬಿಕ್ಕಿ ಅತ್ತಳು. "ಮಗು ಬೆಂಡಾಗಿದೆ, ನಿಮಗೆ ಕಣ್ಣಿಲ್ವೇನ್ರೀ?" ಎಂದು ಹೆಂಡತಿ ಹರಿಹಾಯ್ದಳು. ಮಗಳು ಮುಖ ತೊಳೆಯಲು ಹೋದಾಗ ನಾನು ಮುಳ್ಳನ್ನು ಸೊನ್ನೆಗೆ ನಿಲ್ಲಿಸುವ ತಿರುಪನ್ನು ಒಂದು ಕಿಲೋ ಹಿಂದಕ್ಕೆ ತಿರುಗಿಸಿದೆ. ಒಂದೇ ಒಂದು ಊಟಕ್ಕೆ ಅಂತ, ನಾಳೆ ಸರಿಮಾಡೋಣ ಅಂತ! ರಾತ್ರಿ ಊಟಕ್ಕೆ ಮೊದಲು ಮತ್ತೆ ಹತ್ತಿದಳು. "ನಾನ್ನಾ, ಇಳಿದ್ಬಿಟ್ಟೆ!" ಎಂದು ಕುಣಿದವಳು ಎರಡು ತಟ್ಟೆ ಮೊಸರನ್ನ ತಿಂದಳು. ಮುಳ್ಳು ಸೊನ್ನೆಯ ಹಿಂದೆ ನಿಂತಿದ್ದನ್ನು ಯಾರೂ ಗಮನಿಸಲಿಲ್ಲ, ನನ್ನ ಮಿಷನ್ ತಾನೆ! ಮರುದಿನ ಅವಳ ನಗು ಕಂಡು ತಿರುಪಿಗೆ ಕೈ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ವಿಜಯವಾಡದಲ್ಲಿ ಎಂಟುನೂರು ಗ್ರಾಂ ಹೆಚ್ಚು ಬಂತು. ಒಂದು ಗಂಟೆ ಸಮಯ ಕೊಟ್ಟರು. ಆ ಧಗೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಓಡಿದಳು, ಎಂಜಲಿನ ತೂಕವಾದರೂ ಇಳಿಯಲೆಂದು ಲೋಟಕ್ಕೆ ಉಗುಳಿದಳು, ಮತ್ತೆ ಓಡಿ ಕುಸಿದಳು. ಆದರೂ ಮುನ್ನೂರು ಗ್ರಾಂ ಉಳಿಯಿತು. ಹೆಸರು ಹೊಡೆದುಹಾಕಿದರು. "ಮನೆ ಮಿಷನ್ ಕೆಟ್ಟಿತ್ತೇನ್ರೀ?" ಎಂದು ಕೋಚ್ ನನ್ನನ್ನು ಕೇಳಿದರು. ಮಗಳೇ ಉತ್ತರ ಕೊಟ್ಟಳು: "ಮಾ ನಾನ್ನ ತೂಕಂ ತಪ್ಪದು ಸಾರ್. ನೇನೇ ಎಕ್ಕುವ ತಿನ್ನಾನು." ನಮ್ಮಪ್ಪನ ತೂಕ ತಪ್ಪಲ್ಲ, ನಾನೇ ಜಾಸ್ತಿ ತಿಂದೆ ಅಂತ. ನಾನು ಅವಳ ಸ್ವೆಟರುಗಳನ್ನು ಮಡಚಿ ಚೀಲಕ್ಕೆ ತುಂಬಿದೆ.

ಬೆಂಜ್ ಸರ್ಕಲ್ ಬಳಿಯ ಮೆಸ್ಸಿನಲ್ಲಿ ಅವಳು ಅನ್ನ ಮುಟ್ಟಲಿಲ್ಲ. ನಾನು, ನಾಚಿಕೆಗೆಟ್ಟವನು, ಗೋಂಗೂರ ಚಟ್ನಿ ಎರಡು ಸಲ ಹಾಕಿಸಿಕೊಂಡೆ. ಅವಳು ಮತ್ತೆ ಪಂದ್ಯಕ್ಕಿಳಿಯಲಿಲ್ಲ. ನಾಲ್ಕು ವರ್ಷವಾದರೂ ಬಡಿಸಿದ್ದರಲ್ಲಿ ಅರ್ಧ ತೆಗೆದಿಡುತ್ತಾಳೆ. ನಿಜ ಹೇಳಿಬಿಡಬೇಕೆಂದು ಸಂಕಟಪಟ್ಟು, ಕೊನೆಗೆ ಧೈರ್ಯ ಮಾಡಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಅವಳು ಓದಿದ್ದೆಲ್ಲ ತೆಲುಗು, ಇಂಗ್ಲಿಷು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ.