ಐದು ಸೆಕೆಂಡಿನಲ್ಲಿ ಬರುವ ಮುಂದಿನ ವಿಡಿಯೊಗೆ ಒಬ್ಬ ದರ್ಜಿಯ ಅಹವಾಲು

ಮಾನ್ಯ ಮುಂದಿನ ವಿಡಿಯೊ ಮಹಾಶಯರಿಗೆ, ಶಾಲೆಯ ಸಮವಸ್ತ್ರ ಹೊಲಿದು ಬದುಕುವ ಒಬ್ಬ ತಾಯಿಯ ಸವಿನಯ ನಮಸ್ಕಾರಗಳು.

ಒಂದು ವಿಡಿಯೊ ಮುಗಿದು ಐದೆಣಿಸುವುದರೊಳಗೆ, ಯಾರೂ ಕರೆಯದಿದ್ದರೂ ತಾವಾಗಿಯೇ ದಯಮಾಡಿಸುವ ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಮನೆಗೆ ನೀರಾಗಲಿ, ನೆಂಟರಾಗಲಿ, ನಮ್ಮ ಯಜಮಾನರಾಗಲಿ ಹೇಳಿದ ಹೊತ್ತಿಗೆ ಬಂದದ್ದಿಲ್ಲ.

ನನ್ನ ಒಂಬತ್ತು ವರ್ಷದ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಒಂದೊಂದು ತುತ್ತಿಗೂ ಮನೆಯೆಲ್ಲ ಓಡಾಡಿಸುತ್ತಿದ್ದ ಅವಳ ಮುಂದೆ ಎರಡು ವರ್ಷದ ಹಿಂದೆ ಟ್ಯಾಬ್ ಇಟ್ಟವಳು ನಾನೇ. ಹೊಲಿಯುವ ಬಟ್ಟೆ ರಾಶಿ ಬಿದ್ದಿತ್ತು. ತಾವು ಬಂದ ಮೇಲೆ ಅವಳು ಬಾಯಿ ತೆರೆಯುವುದು, ನಾನು ತುತ್ತಿಡುವುದು, ತಟ್ಟೆ ಖಾಲಿಯಾಗುವುದು ಎಲ್ಲವೂ ಸಲೀಸಾಯಿತು. ಸಾಕೆನ್ನುವುದನ್ನು ಅವಳು ಮರೆತಳು, ಸಾಕೇ ಎಂದು ಕೇಳುವುದನ್ನು ನಾನು ಮರೆತೆ. ಊಟವಾದ ಮೇಲೆ ಕುರುಕಲು ಪೊಟ್ಟಣ, ಅದಾದ ಮೇಲೆ ತಾವು, ತಮ್ಮ ನಂತರ ಮತ್ತೆ ತಾವೇ. ಸಂಜೆ ಕೆಳಗಿನಿಂದ ಆಟಕ್ಕೆ ಕೂಗುತ್ತಿದ್ದ ಹುಡುಗಿಯರು ಕೂಗಿ ಕೂಗಿ ಕಡೆಗೆ ಕೂಗುವುದನ್ನೇ ಬಿಟ್ಟರು. ಅವಳ ಸ್ಕರ್ಟಿನ ಸೊಂಟವನ್ನು ಈ ವರ್ಷ ಮೂರು ಸಲ ಬಿಚ್ಚಿ ಅಗಲ ಮಾಡಿದ್ದೇನೆ. ಒಳಗೆ ಮಡಚಿಟ್ಟಿದ್ದ ಬಟ್ಟೆ ಮುಗಿಯಿತು. ತೂಕ ವಯಸ್ಸಿಗೆ ಮೀರಿದೆ, ದಿನಾ ಒಂದು ಗಂಟೆ ಆಡಲಿ ಎಂದು ಶಾಲೆಗೆ ಬಂದಿದ್ದ ವೈದ್ಯೆ ಚೀಟಿ ಬರೆದು ಕಳಿಸಿದರು. ಬೆಳೆಯುವ ಮಗುವಲ್ಲವೇ ಎಂದುಕೊಂಡು ಚೀಟಿಯನ್ನು ದಾರದುಂಡೆಗಳ ಡಬ್ಬಿಗೆ ತುರುಕಿದೆ.

ಹೋದ ತಿಂಗಳು ಹೊಸ ಸಮವಸ್ತ್ರಕ್ಕೆ ಅಳತೆ ತೆಗೆಯುತ್ತಿದ್ದೆ. ನಾನು ಟೇಪು ಹಿಡಿದು ಗಟ್ಟಿಯಾಗಿ ಹೇಳುವುದು, ನನ್ನ ತಂಗಿ ಬರೆದುಕೊಳ್ಳುವುದು ಮಾಮೂಲು. ಅಂಗಡಿಯಲ್ಲಿ ಗುಬ್ಬಿಯ ತರಗತಿಯ ಇಬ್ಬರು ಹುಡುಗಿಯರು ಕಾಯುತ್ತಿದ್ದರು. ಸರದಿ ಬಂದಾಗ ಅವಳು ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ನನ್ನ ಕಿವಿಯಲ್ಲಿ, "ಅಮ್ಮಾ, ನಂದು ಮಾತ್ರ ಜೋರಾಗಿ ಹೇಳ್ಬೇಡ," ಅಂದಳು. ಹದಿನೆಂಟು ವರ್ಷದಿಂದ ಊರವರ ಅಳತೆಯನ್ನೆಲ್ಲ ಕೂಗಿ ಹೇಳಿದವಳು ನಾನು. ಆ ಅಳತೆಯನ್ನು ಮಾತ್ರ ಕೂಗದೆ ನಾನೇ ಬರೆದುಕೊಂಡೆ.

ಅಂದಿನಿಂದ ಊಟದ ಹೊತ್ತಿಗೆ ತಮಗೆ ಬೀರುವಿನಲ್ಲಿ ವಸತಿ. ಮೊದಲ ದಿನ ಅವಳು ತಟ್ಟೆ ತಳ್ಳಿದಳು. ಎರಡನೆಯ ದಿನ ಅತ್ತಳು, ನಾನೂ ಅತ್ತೆ. ಮೂರನೆಯ ದಿನ ತಟ್ಟೆ ಅರ್ಧವಾಗುವಷ್ಟರಲ್ಲಿ ಸಾಕು ಎಂದಳು. ಆ ಮಾತನ್ನು ಅವಳ ಬಾಯಿಂದ ಕೇಳಿ ಎರಡು ವರ್ಷವಾಗಿತ್ತು. ಈಗ ಸಂಜೆ ಇಬ್ಬರೂ ನಡೆಯಲು ಹೋಗುತ್ತೇವೆ. ಮೂರನೆಯ ತಿರುವಿಗೇ ಏದುಸಿರು ಬಿಡುವವಳು ಅವಳಲ್ಲ, ದಿನವಿಡೀ ಮೆಷಿನ್ನಿನ ಮುಂದೆ ಕೂರುವ ನಾನು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಇನ್ನು ದಯಮಾಡಿಸುವ ಮೊದಲು ಮಗು ಆಡಿತೇ ಎಂದು ವಿಚಾರಿಸಬೇಕು. ಆಡಿಲ್ಲವಾದರೆ ತಾವೇ ಕೈಹಿಡಿದು ಕೆಳಗಿಳಿಸಿ, ಹಗ್ಗದಾಟಕ್ಕೆ ಒಂದು ತುದಿ ಹಿಡಿದು ನಿಲ್ಲಬೇಕು. ಅದು ಕಷ್ಟವೆಂದಾದರೆ ಆರನೆಯ ಸೆಕೆಂಡಿನವರೆಗಾದರೂ ಕಾಯಬೇಕು. ಅಷ್ಟರಲ್ಲಿ ನಾನು ಬಂದು ಮುಟ್ಟುತ್ತೇನೆ.

ತಮ್ಮ ಮೇಲೆ ವಿಶ್ವಾಸವಿಟ್ಟು ಕೆಟ್ಟ,
ಗುಬ್ಬಿಯ ತಾಯಿ

ತಾಜಾ ಕಲಂ: ಈ ಪತ್ರ ಬರೆಯಲೆಂದು ಟ್ಯಾಬ್ ತೆರೆದಾಗ ತಾವು, ಹತ್ತು ದಿನದಲ್ಲಿ ಹೊಟ್ಟೆ ಕರಗಿಸುವ ವಿಧಾನವನ್ನು ನನಗೆ ತೋರಿಸಿದಿರಿ. ಕೂತಲ್ಲಿಯೇ ನಾಲ್ಕು ನೋಡಿ ಮುಗಿಸಿದೆ. ಐದನೆಯದು ಶುರುವಾಗುವಷ್ಟರಲ್ಲಿ ಮಗಳು ಬಂದು ತಮ್ಮನ್ನು ಬಂದ್ ಮಾಡಿ, ನನಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದಳು.