ನಡಕೋಂತ ಬಾರಿಸಿದ ಕ್ಯಾಸೆಟ್ಟು

ಬೈಗುಳಕ್ಕೆ ಬೆಚ್ಚಿಬೀಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೊಗಳಿಕೆಗೆ ಬೆಚ್ಚಿಬಿದ್ದವನು ಮಾತ್ರ ಇಡೀ ಗದಗ-ಬೆಟಗೇರಿಯಲ್ಲಿ ನಾನೊಬ್ಬನೇ ಇರಬೇಕು. ಬೈಗುಳಕ್ಕೆ ನನ್ನ ಮೈ ಎಂದೋ ಒಗ್ಗಿಹೋಗಿದೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಹಿಂದೆ ಮೈಕು ಹಿಡಿದು ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಸಾರುವುದು ನನ್ನ ನೌಕರಿ. ಶಿರಹಟ್ಟಿ ಬಸ್ಸು ತಡವಾದರೆ ಅದನ್ನು ತಡವಾಗಿ ತಂದ ಡ್ರೈವರನನ್ನು ಯಾರೂ ಕೇಳುವುದಿಲ್ಲ, ತಡವಾಗಿದೆ ಎಂದು ಹೇಳಿದ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅದಾದರೂ ಸಹಿಸಬಹುದು. ಡಂಬಳದ ಮೇಲೆ ಮುಂಡರಗಿಗೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ ಎಂದು ನಾನು ಗಂಟಲು ಹರಿಯುವಂತೆ ಮತ್ತೆ ಮತ್ತೆ ಸಾರಿದ ಮೇಲೆ, ಅಷ್ಟೂ ಹೊತ್ತು ನನ್ನ ಎದುರಿಗೇ ನಿಂತಿದ್ದ ಹಿರಿಯರು ಕಿಟಕಿಗೆ ಮುಖ ಕೊಟ್ಟು, "ಯಪ್ಪಾ, ಮುಂಡರಗಿ ಬಸ್ ಯಾವಾಗ ಬಿಡತೈತಿ?" ಎಂದು ಕೇಳುತ್ತಾರಲ್ಲ, ಆಗ ಮೈಕಿನ ತಲೆ ತಟ್ಟಿ ಅದನ್ನೇ ಇನ್ನೊಮ್ಮೆ ಸಾರುತ್ತೇನೆ. ದೇವರು ಕೊಟ್ಟ ದನಿ ಹೀಗೆ ಗಾಳಿಗೆ ಹೋಗುತ್ತಿದೆಯಲ್ಲ ಎಂಬ ಈ ಸಂಕಟದಿಂದಲೇ ನಾನು ಗಾಯಕನಾದದ್ದು.

ಗಾಯಕನಾದೆ ಎಂದು ನಾನು ಹೇಳಿದರೆ ಸಾಲದು, ಮನೆಯವರೂ ಒಪ್ಪಬೇಕಲ್ಲ. ನನ್ನ ಹೆಂಡತಿ ಗಿರಿಜಾ ಬೇರೆ ಎಲ್ಲದರಲ್ಲೂ ಸಮಾಧಾನದ ಹೆಂಗಸು. ಆದರೆ ನಾನು ಹಾರ್ಮೋನಿಯಂ ಮುಟ್ಟಿದರೆ ಸಾಕು, ಅಡಿಗೆಮನೆಯಲ್ಲಿ ಪಾತ್ರೆಗಳು ಮಾತಾಡತೊಡಗುತ್ತವೆ. ಅವಳ ತಕರಾರಿಗೆ ಸಾಕ್ಷಿಯೂ ಉಂಟು. ನಮ್ಮ ಗೋಡೆಗೆ ಹತ್ತಿದಂತೆ ಪಕ್ಕದ ಮನೆಯವರ ದನದ ಕೊಟ್ಟಿಗೆ. ನಾನು ಬೆಳಿಗ್ಗೆ ಆಲಾಪ ಶುರು ಮಾಡಿದರೆ ಅವರ ಎಮ್ಮೆ ಹಾಲು ಕೊಡದೆ ಕಾಲು ಝಾಡಿಸುತ್ತದಂತೆ. ಆ ಮನೆಯಿಂದಲೇ ನಮಗೆ ಹಾಲು ಬರುವುದಾದ್ದರಿಂದ ನನ್ನ ಸಂಗೀತಕ್ಕೂ ನಮ್ಮ ಚಹಾಕ್ಕೂ ನೇರ ಸಂಬಂಧ ಏರ್ಪಟ್ಟಿತ್ತು. ಚಹಾ ಗೆದ್ದಿತು. ನಾನು ನಸುಕಿನಲ್ಲಿ ಹುಲಕೋಟಿ ರಸ್ತೆ ಹಿಡಿದು, ಹೊಲಗಳ ನಡುವೆ ನಿಂತು ಹಾಡಿ ಬರತೊಡಗಿದೆ. ಒಂದು ದಿನ ರೇಗಿ, "ನನ್ನ ಬೆಲೆ ನಿನಗೆ ಯಾವಾಗ ಗೊತ್ತಾಗುತ್ತದೋ!" ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: "ಬೆಂಗಳೂರು ಪೇಪರಿನ್ಯಾಗ ನಿಮ್ಮ ಹಾಡು ಛಲೋ ಐತಿ ಅಂತ ಬರೀಲಿ. ಅವತ್ತ ನಾನ ಪಡಸಾಲ್ಯಾಗ ಗಾದಿ ಹಾಸಿ ಕೊಡ್ತೇನಿ, ಕುಂತು ಹಾಡ್ರಿ. ಅಲ್ಲೀತನಕ ಮನ್ಯಾಗ ಒಂದು ಸ್ವರ ಬ್ಯಾಡ." ಆಗಲಿ ಎಂದೆ. ಬೆಂಗಳೂರಿನ ಪತ್ರಿಕೆಗೂ ನನಗೂ ಎತ್ತಣಿಂದೆತ್ತ ಸಂಬಂಧ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಹಾಡುತ್ತಿದ್ದದ್ದು ಬೆಟಗೇರಿಯ ಖಾದರಸಾಬರ ಬ್ಯಾಂಡಿನಲ್ಲಿ. ಖಾದರಸಾಬರದು ತಲೆತಲಾಂತರದಿಂದ ಮದುವೆ ಮೆರವಣಿಗೆಗೆ ಬ್ಯಾಂಡು ಬಾರಿಸಿದ ಮನೆತನ. ಅವರು ಕ್ಲಾರಿಯೋನೆಟ್ಟಿಗೆ ತುಟಿ ಇಟ್ಟರೆ ಬೀಗರ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಡ್ರಮ್ಮು ನೇಕಾರ ಈರಪ್ಪನದು. ಮಗ್ಗದ ಮುಂದೆ ಕೂತಾಗ ಅವನ ಕೈ ಸೀರೆ ನೇಯುತ್ತಿತ್ತು, ಬಾಯಿ ಹಾಡು ಕಟ್ಟುತ್ತಿತ್ತು. ತಪ್ಪಿಹೋದ ಬಸ್ಸಿನ ಮೇಲೆ, ಖಾರ ಹೆಚ್ಚಾದ ಮಿರ್ಚಿಭಜಿಯ ಮೇಲೆ, ಮುನಿಸಿಕೊಂಡ ಬೀಗತಿಯ ಮೇಲೆ ಅವನದೊಂದೊಂದು ಹಾಡು. ಸಿನಿಮಾ ಹಾಡು ಬಾರಿಸುವ ಬ್ಯಾಂಡುಗಳು ಊರ ತುಂಬ ಆದಾಗ ನಾವು ಈ ಸ್ವಂತ ಹಾಡುಗಳಿಗೆ ಇಳಿದೆವು. ಇದು ಸಿನಿಮಾದ್ದಲ್ಲ, ಭಜನೆಯದಲ್ಲ, ನಾಟಕದ್ದೂ ಅಲ್ಲ, ಮತ್ತೆ ಏನು ಎಂಬ ಪ್ರಶ್ನೆ ಬಂದಾಗ ಕಾಲೇಜಿನ ಹುಡುಗರು 'ಪಾಪ್' ಎಂದು ಹೆಸರಿಟ್ಟರು. ಖಾದರಸಾಬರ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ನಾವೇ ಒಂದು ಕ್ಯಾಸೆಟ್ಟು ಮಾಡಿಕೊಂಡೆವು. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೆ ದಾಕ್ಷಿಣ್ಯ ಹಾಕಿ ಅದನ್ನು ಅಲ್ಲಿ ಬಾರಿಸುವ ಏರ್ಪಾಡು ನನ್ನದು.

ಹೀಗಿರಲು ಒಂದು ದಿನ ಲಕ್ಷ್ಮೇಶ್ವರದ ಬಸ್ಸು ಪಂಕ್ಚರ್ ಆಗಿ ಹೊತ್ತಿಗೆ ಬರಲಿಲ್ಲ. ಅದಕ್ಕೆ ಕಾದು ಕಾದು ಬೇಸತ್ತ, ಟೊಪ್ಪಿಗೆ ಹಾಕಿದ ಒಬ್ಬ ಬೆಂಗಳೂರಿನವರು ಕಿಟಕಿಗೆ ಬಂದರು. ಎಂದಿನ ಬೈಗುಳಕ್ಕೆ ನಾನು ಬೆನ್ನು ಗಟ್ಟಿ ಮಾಡಿಕೊಂಡೆ. ಅವರು, "ಆ ಟೀ ಅಂಗಡೀಲಿ ಹಾಕಿರೋ ಕ್ಯಾಸೆಟ್ ಯಾರದು?" ಎಂದರು. "ನಮ್ಮದ ರೀ!" ಎಂದೆ. ಮೈಕು ಆರಿಸಲು ಮರೆತಿದ್ದೆ. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ನನ್ನ ನೌಕರಿಯಲ್ಲಿ ಜನ ಒಂದೇ ಸಲಕ್ಕೆ ಕೇಳಿಸಿಕೊಂಡ ಸಾರಣೆ ಅದೊಂದೇ. ಅವರು ದೊಡ್ಡ ಕ್ಯಾಸೆಟ್ ಕಂಪನಿಯೊಂದರ ರೆಕಾರ್ಡಿಂಗ್ ಮುಖ್ಯಸ್ಥರು. ಪಂಕ್ಚರ್ ತಿದ್ದಿಸಿಕೊಂಡು ಬಸ್ಸು ಬರುವುದರೊಳಗೆ ಮಾತುಕತೆ ಮುಗಿದು, ಮುಂದಿನ ತಿಂಗಳು ನಾವೆಲ್ಲ ಬೆಂಗಳೂರಿಗೆ ಹೊರಟೆವು.

ಸ್ಟುಡಿಯೋ ಎಂದರೆ ತಣ್ಣಗಿನ ದೊಡ್ಡ ಕೋಣೆ, ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ನಮ್ಮನ್ನು ಸಾಲಾಗಿ ಕುರ್ಚಿಯ ಮೇಲೆ ಕೂಡಿಸಿದರು. ಕೂಡಿಸಿದ್ದೇ ತಡ, ಖಾದರಸಾಬರ ಕ್ಲಾರಿಯೋನೆಟ್ಟು ಸೀನಿತು, ಈರಪ್ಪನ ತಾಳ ತಪ್ಪಿತು. ಮತ್ತೆ ಬಾರಿಸಿದರೂ ಅದೇ ಕತೆ. ಗಾಜಿನಾಚೆ ಕೂತಿದ್ದ ಕಂಪನಿಯ ಸಾಹೇಬರ ಮುಖ ಸಣ್ಣದಾಯಿತು. ಕೊನೆಗೆ ಖಾದರಸಾಬರು ಎದ್ದು ನಿಂತು ಕೈ ಮುಗಿದರು: "ಕುಂತು ಬಾರಸೂದು ನಮ್ಮ ಮನೆತನದಾಗ ಇಲ್ರಿ ಸಾಹೇಬ್ರ. ನಮ್ಮ ಅಜ್ಜನೂ ನಡಕೋಂತನ ಬಾರಿಸ್ಯಾನ, ನಮ್ಮಪ್ಪನೂ ನಡಕೋಂತನ ಬಾರಿಸ್ಯಾನ. ಕಾಲು ನಿಂತ್ರ ನನ್ನ ಉಸರೂ ನಿಂದರತೈತಿ. ಒಂದೀಟು ನಡ್ಯಾಕ ಬಿಟ್ಟು ನೋಡ್ರಿ." ಸ್ಟುಡಿಯೋದ ಬಾಡಿಗೆ ಏರುತ್ತಿತ್ತು. ಸಾಹೇಬರು, "ನಡೀರಪ್ಪ, ಏನಾದರೂ ಮಾಡಿ" ಎಂದರು. ಮೈಕಿನ ವಾಯರು ಗಿಡ್ಡ, ಅದು ಬಾಗಿಲ ಹತ್ತಿರವೇ ಉಳಿಯಿತು. ನಾವು ಕೋಣೆಯ ಸುತ್ತ ಮೆರವಣಿಗೆ ಹೊರಟೆವು. ಮುಂದೆ ಕ್ಲಾರಿಯೋನೆಟ್ಟು, ಹಿಂದೆ ಡ್ರಮ್ಮು, ಅದರ ಹಿಂದೆ ಉಳಿದವರು, ಎಲ್ಲರಿಗಿಂತ ಹಿಂದೆ ನಾನು. ಮೆರವಣಿಗೆಯಲ್ಲಿ ಗಾಯಕ ಹಿಂದಿರುವುದು ಪದ್ಧತಿ, ಯಾಕೆಂದರೆ ಸ್ಪೀಕರು, ಬ್ಯಾಟರಿ ಇಟ್ಟ ಕೈಗಾಡಿ ಹಿಂದೆ ಬರುತ್ತದೆ. ಅಲ್ಲಿ ಗಾಡಿ ಇರಲಿಲ್ಲ ನಿಜ. ಆದರೂ ಪದ್ಧತಿ ಬಿಡಲಿಲ್ಲ. ಎಲ್ಲ ಮುಗಿದಾಗ ಸಾಹೇಬರು ಗಾಜಿನಾಚೆ ಟೊಪ್ಪಿಗೆ ತೆಗೆದು ಎರಡೂ ಕೈಯಿಂದ ಹಣೆ ಒತ್ತಿಕೊಂಡರು. ನನ್ನ ಹಾಡಿಗೆ ಅವರ ಮನಸ್ಸು ತುಂಬಿಬಂದಿದೆ ಎಂದುಕೊಂಡೆ.

ಕ್ಯಾಸೆಟ್ಟು ಬಂತು. ಮೇಲೆ ನಮ್ಮ ಬಣ್ಣದ ಫೋಟೋ ಇತ್ತು, ಒಳಗೆ ನಾನಿರಲಿಲ್ಲ. ಬ್ಯಾಂಡು ಎಲ್ಲಿಂದಲೋ ಬರುತ್ತದೆ, ಕಿವಿ ತುಂಬುತ್ತದೆ, ಹಾಗೇ ಓಣಿ ದಾಟಿದಂತೆ ದೂರ ಹೋಗುತ್ತದೆ. ಹಿಂದೆ ಉಳಿದ ನಾನು ಮೈಕಿನ ಹತ್ತಿರ ಬರುವಷ್ಟರಲ್ಲಿ ಪ್ರತಿ ನುಡಿಯೂ ಮುಗಿಯುತ್ತಿದೆ. ಒಂದೊಂದು ಸಾಲಿನ ಬಾಲ ಮಾತ್ರ ನನ್ನದು. ನನಗೆ ನಂಬಿಕೆಯಾಗಲಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡು ಕೆಟ್ಟಿರಬೇಕೆಂದು ಸ್ಪಿರಿಟ್ಟು ಹಾಕಿ ಒರೆಸಿದೆ. ಬೇರೆಯವರ ಮನೆಗೆ ಹೋಗಿ ಕೇಳಿದೆ. ಅಲ್ಲಿಯೂ ನಾನಿರಲಿಲ್ಲ. ಈರಪ್ಪ ಸಮಾಧಾನ ಮಾಡಲು ಬಂದು, "ಬಿಡ್ರಿ, ನಿಮ್ಮ ಫೋಟೋ ಭಾಳ ಛಲೋ ಬಂದೈತಿ" ಎಂದ.

ನಿಜವಾದ ಆಘಾತ ಇನ್ನೂ ಬಸ್ಸಿನಲ್ಲಿ ಬರುತ್ತಿತ್ತು. ಬೆಂಗಳೂರು ಪತ್ರಿಕೆಯ ಕಟ್ಟುಗಳು ಇಳಿಯುವುದು ನನ್ನ ಕಿಟಕಿಯ ಎದುರಿಗೇ. ಆ ಭಾನುವಾರ ಅದರಲ್ಲಿ ನಮ್ಮ ಕ್ಯಾಸೆಟ್ಟಿನ ವಿಮರ್ಶೆ ಇತ್ತು, ಅದೂ ಅರ್ಧ ಪುಟ. ಮೈಕು ಬದಿಗಿಟ್ಟು ಓದತೊಡಗಿದೆ. 'ಈ ಸಂಗೀತ ಕೇಳುಗನ ಬಳಿಗೆ ಬರುತ್ತದೆ, ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಸರಿದು ಹೋಗುತ್ತದೆ. ನಮ್ಮ ಪಾಪ್ ಸಂಗೀತದಲ್ಲಿ ಇಂಥ ಧೈರ್ಯದ ಪ್ರಯೋಗ ಇದೇ ಮೊದಲು' ಎಂದು ಬರೆದಿದ್ದರು. ವಾಯರು ಗಿಡ್ಡವಾದದ್ದು ಪ್ರಯೋಗವೇ! ಕಣ್ಣುಜ್ಜಿಕೊಂಡು ಮುಂದೆ ಓದಿದೆ. 'ಎಲ್ಲಕ್ಕೂ ಮಿಗಿಲಾದದ್ದು ಗಾಯಕನ ಸಂಯಮ. ಎಲ್ಲಿ ಹಾಡಬಾರದು ಎಂಬುದನ್ನು ಇಷ್ಟು ಚೆನ್ನಾಗಿ ಅರಿತ ಗಾಯಕನನ್ನು ನಾವು ಕೇಳಿಲ್ಲ. ಅವನ ಮೌನ ಇನ್ನೂ ತುಸು ದೀರ್ಘವಾಗಿದ್ದರೆ ಈ ಆಲ್ಬಮ್ ಪರಿಪೂರ್ಣವಾಗುತ್ತಿತ್ತು.' ಆ ಸಾಲನ್ನೇ ಮತ್ತೆ ಮತ್ತೆ ಓದಿದೆ. ಆ ಹೊತ್ತಿನಲ್ಲಿ ಎಷ್ಟು ಬಸ್ಸುಗಳು ಬಂದು ಹೋದವೋ ನನಗೆ ತಿಳಿಯದು. ನಾನು ಒಂದನ್ನೂ ಸಾರಲಿಲ್ಲ. ಆಶ್ಚರ್ಯವೆಂದರೆ ಯಾರೊಬ್ಬರೂ ಬಸ್ಸು ತಪ್ಪಿಸಿಕೊಳ್ಳಲಿಲ್ಲ.

ಊರಿಗೆ ಊರೇ ಹಿಗ್ಗಿತು. ಲಕ್ಷ್ಮೇಶ್ವರದಿಂದ ಮದುವೆಯ ಯಜಮಾನರೊಬ್ಬರು ಬಂದು, "ಪೇಪರಿನ್ಯಾಗ ಬಂದಂಗನ ಬಾರಸಬೇಕ್ರಿ. ಒಂದೀಟು ಹತ್ರ ಬರ್ರಿ, ಮತ್ತ ದೂರ ಹೋಗ್ರಿ. ಹಾಡವರನ್ನ ಊರ ಹೊರಗಿಂದನ ಹೊಂಡಸ್ರಿ" ಎಂದು ಮುಂಗಡ ಕೊಟ್ಟು ಹೋದರು. ಖಾದರಸಾಬರು ನನ್ನ ಕೈ ಹಿಡಿದು, "ನಿಮ್ಮಿಂದನ ನಮಗ ಹೆಸರು ಬಂತು ನೋಡ್ರಿ" ಎಂದಾಗ ಅವರ ಕಣ್ಣಲ್ಲಿ ನೀರಿತ್ತು. ಅವರದು ಖರೆ ಮಾತು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಪತ್ರಿಕೆಯನ್ನು ಮನೆಗೆ ಒಯ್ಯಬಾರದೆಂದಿದ್ದೆ. ನಾನು ಹೋಗುವುದರೊಳಗೆ ಪಕ್ಕದ ಮನೆಯವರು ತಂದುಕೊಟ್ಟಿದ್ದರು. ಗಿರಿಜಾ ಮೂಗಿಗೆ ಚಾಳೀಸು ಏರಿಸಿ ಒಂದಕ್ಷರ ಬಿಡದೆ ಓದಿದಳು. ಮತ್ತೊಮ್ಮೆ ಓದಿದಳು. ನಗುತ್ತಾಳೆ ಎಂದು ಕಾದೆ. ಅವಳು ನಗಲಿಲ್ಲ. ಎದ್ದು ಹೋಗಿ ಪಡಸಾಲೆಯಲ್ಲಿ ಗಾದಿ ಹಾಸಿದಳು, ಹಾರ್ಮೋನಿಯಂ ಒರೆಸಿ ಇಟ್ಟಳು. "ಮಾತು ಅಂದ್ರ ಮಾತು. ನಾಳಿಂದ ಇಲ್ಲೇ ಹಾಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಮಡಿಯುಟ್ಟು ಗಾದಿಯ ಮೇಲೆ ಕೂತೆ. ಇಷ್ಟು ವರ್ಷ ಹಂಬಲಿಸಿದ ಜಾಗ. ಶ್ರುತಿ ಹಿಡಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ಎಲ್ಲಿ ಹಾಡಬಾರದು ಎಂಬ ಮಾತು ನೆನಪಿಗೆ ಬಂತು. ಈ ಸ್ವರ ಹಿಡಿಯಲೇ ಎಂದರೆ ಇಲ್ಲಿ ಹಾಡಬಾರದೇನೋ ಎನಿಸಿತು. ಅದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಅಲ್ಲಿಯೂ ಬೇಡವೇನೋ ಎನಿಸಿತು. ಹೀಗೆ ಬಿಡುತ್ತ ಬಿಡುತ್ತ ಒಂದೇ ಒಂದು ಸ್ವರ ಹೊರಡಲಿಲ್ಲ. ಬಹಳ ಹೊತ್ತಿನ ಮೇಲೆ ಹಾರ್ಮೋನಿಯಂ ಮುಚ್ಚಿದೆ. ಅಡಿಗೆಮನೆಯಿಂದ ಗಿರಿಜಾಳ ದನಿ ಕೇಳಿಸಿತು, ಮದುವೆಯಾದಾಗಿನಿಂದ ಅಷ್ಟು ಅಕ್ಕರೆಯ ದನಿ ನಾನು ಕೇಳಿರಲಿಲ್ಲ: "ಅವರು ಬರದದ್ದು ಖರೇನ ಐತ್ರೀ. ಇವತ್ತ ಭಾಳ ಛಲೋ ಹಾಡಿದ್ರಿ."

ಗೋಡೆಯಾಚೆ ಎಮ್ಮೆ ಹಾಲು ಕೊಡುತ್ತಿತ್ತು. ಚರಿಗೆಯಲ್ಲಿ ಹಾಲಿನ ಧಾರೆ ಬೀಳುವ ಸದ್ದು ಪಡಸಾಲೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.