ಗೆರೆ ಎಳೆಸುವ ಖರ್ಚು

ಮನುಷ್ಯನಿಗೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು. ನನ್ನದು ಟಿಪ್ಪಣಿ ಬರೆಯುವ ಚಟ. ಕಡತದ ಹಾಳೆಯಲ್ಲಿ 'ಪರಿಶೀಲಿಸಲಾಗಿ' ಎಂದು ಶುರುಮಾಡಿ 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಮುಗಿಸುವ ಹೊತ್ತಿಗೆ ನನಗೆ ಹೋಳಿಗೆ ಉಂಡಷ್ಟು ತೃಪ್ತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಗುಮಾಸ್ತಿಕೆ ಮಾಡಿದ್ದೇನೆ. ಈಗ ಹೇಳಹೊರಟಿರುವುದು ಇವುಗಳಲ್ಲಿ ಯಾವ ಊರಿನದು ಎಂದು ಮಾತ್ರ ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಮಂಜೂರಾಗಬೇಕು. ಮನೆಯಲ್ಲೂ ನನ್ನ ಬುದ್ಧಿ ಬೇರೆಯಲ್ಲ. "ಇವರಿಗೆ ಒಂದು ಕಿಲೋ ಉಳ್ಳಾಗಡ್ಡಿ ತರ್ರಿ ಅಂದ್ರ, ಯಾವ ಚೀಲದಾಗ ತರಬೇಕು ಅನ್ನೋದು ಮೊದಲು ತೀರ್ಮಾನ ಆಗಬೇಕು. ಅಷ್ಟ್ರಾಗ ಸಂತಿನೇ ಎದ್ದು ಹೋಗಿರತೈತಿ" ಎಂದು ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ಹೇಳುತ್ತಾಳೆ. ಮೊದಲೆಲ್ಲ ನಾನೂ ಅವರ ಜೊತೆ ಸೇರಿ ನಗುತ್ತಿದ್ದೆ. ನೀಲಮ್ಮನ ಕಡತ ಮುಗಿದ ಮೇಲೆ ಆ ಮಾತಿಗೆ ನಗು ಬರುತ್ತಿಲ್ಲ.

ಕೆರೆಗೆ ನೀರು ತರುವ ಕಾಲುವೆಗಾಗಿ ಭೂಮಿ ತೆಗೆದುಕೊಳ್ಳುವ ಕಡತ ಅದು. ಅಧಿಸೂಚನೆಯಲ್ಲಿ ನೀಲಮ್ಮನ ನಾಲ್ಕೆಕರೆಯ ಸರ್ವೇ ನಂಬರು ಪೂರ್ತಿ ಬಂದಿತ್ತು. ಕಾಲುವೆಗೆ ಬೇಕಾದದ್ದು ಅದರಲ್ಲೊಂದು ಪಟ್ಟಿ ಮಾತ್ರ. ಆ ಪಟ್ಟಿ ಎಲ್ಲಿ ಹಾಯುತ್ತದೆ ಎಂಬುದು ಅಳತೆಯಾದ ಮೇಲೆಯೇ ಗೊತ್ತಾಗಬೇಕು. ಎಪ್ಪತ್ತರ ಮುದುಕಿ, ಹಣೆತುಂಬ ವಿಭೂತಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ. ಉಳಿದ ರೈತರೆಲ್ಲ ಪರಿಹಾರ ಎಷ್ಟು, ಯಾವಾಗ ಎಂದು ಕೇಳಿದರೆ ಇವಳದು ಒಂದೇ ಪ್ರಶ್ನೆ. "ಯಪ್ಪಾ, ಗೆರಿ ಎಲ್ಲಿ ಬೀಳತೈತಿ ಅಷ್ಟ್ ಹೇಳ್ರಿ. ಬದುವಿನ ಬೇವಿನ ಗಿಡದ ಕೆಳಗ ನಮ್ಮ ಯಜಮಾನ್ರು ಅದಾರ." ಹಾಗಾದರೆ ಅವರನ್ನೇ ಒಮ್ಮೆ ಕಳಿಸಿ, ಹೇಳಿಕೆ ತೆಗೆದುಕೊಳ್ಳೋಣ ಎಂದೆ ನಾನು. ಮುದುಕಿ ಬೇಸರಪಟ್ಟುಕೊಳ್ಳಲಿಲ್ಲ. "ಅವ್ರು ಹೋಗಿ ಹನ್ನೊಂದು ವರ್ಷ ಆತ್ರಿ. ಅಲ್ಲೇ ಮಣ್ಣು ಮಾಡೇವಿ. ಪಕ್ಕದಾಗ ನನಗೂ ಜಾಗ ಬಿಟ್ಟೀನಿ. ಕಾಲವಿ ಬರಲಿ, ಬ್ಯಾಡ ಅನ್ನಂಗಿಲ್ಲ, ಊರಿಗೆ ನೀರು ಬರತೈತಿ. ನಾ ಹೋದಾಗ ನನ್ನೂ ಅವರ ಪಕ್ಕದಾಗ ಕುಂದ್ರಿಸಿದ್ರ ಸಾಕು." ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಗಂಡನ ಪಕ್ಕ ಕೂರಲು ಒಂದು ಜಾಗ, ಅವಳ ಬೇಡಿಕೆ ಅಷ್ಟೇ.

ಸರ್ವೇಯರ್ ಖಾಜಾಸಾಬ್ ಎದ್ದೇ ನಿಂತಿದ್ದ. "ಸರ, ಒಂದು ದಿನದ ಕೆಲಸ. ನಾಳೆ ಹೋಗಿ ಅಳದು, ಕಲ್ಲು ಹಾಕಿ ಬರ್ತೀನ್ರಿ" ಎಂದ. ಅಲ್ಲಿಗೆ ನಾನು 'ಹೂಂ' ಅಂದಿದ್ದರೆ ಈ ಪ್ರಬಂಧ ಹುಟ್ಟುತ್ತಲೇ ಇರಲಿಲ್ಲ. ಆದರೆ ನನ್ನೊಳಗಿನ ಚಟ ತಲೆಯೆತ್ತಿತು. ಅಳತೆಯ ಚೈನು ಹಿಡಿಯುವವರ ಕೂಲಿ, ಗಡಿಗೆ ಹುಗಿಯುವ ಕಲ್ಲು, ಗಾಡಿ ಬಾಡಿಗೆ, ಈ ಸರ್ವೇ ಖರ್ಚನ್ನು ಯಾವ ನಿಧಿಯಿಂದ ಭರಿಸುವುದು? ಕಾಲುವೆ ಕಾಮಗಾರಿಯ ಅನುದಾನದಿಂದಲೇ? ಪರಿಹಾರಕ್ಕೆಂದು ಕಟ್ಟಿದ ಠೇವಣಿಯಿಂದಲೇ? ಅಥವಾ ನಮ್ಮ ಕಚೇರಿಯ ಸಾದಿಲ್ವಾರು ವೆಚ್ಚದಿಂದಲೇ? ಸಾದಿಲ್ವಾರು ಎಂದರೆ ಪೊರಕೆ, ಫಿನಾಯಿಲು, ಸಾಹೇಬರು ಬಂದಾಗಿನ ಚಹಾ ಇವುಗಳಿಗೆಂದು ಇರುವ ಚಿಲ್ಲರೆ ದುಡ್ಡು. ಪೊರಕೆ ಕೊಳ್ಳುವ ದುಡ್ಡಿನಲ್ಲಿ ಭೂಮಿ ಅಳೆಯಬಹುದೇ? ಎಂಥ ಸೂಕ್ಷ್ಮ ಎತ್ತಿದೆನಪ್ಪಾ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡೂವರೆ ಪುಟ ಟಿಪ್ಪಣಿ ಬರೆದು, ಮೇಲಿನ ಕಚೇರಿಯ ಸ್ಪಷ್ಟೀಕರಣ ಕೋರಿ ಕಡತ ಕಳಿಸಿದೆ. "ಸರ, ಅಳತಿ ಮಾಡೋದು ಹಗುರಿತ್ತು, ನಿಮ್ಮ ಟಿಪ್ಪಣಿ ಓದೋದು ಭಾರ ಆತು ನೋಡ್ರಿ" ಎಂದು ಖಾಜಾಸಾಬ್ ಚೈನನ್ನು ಕಪಾಟಿಗೆ ಇಟ್ಟ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಕಡತಗಳು ತವರಿಗೆ ಹೋದ ಹೆಣ್ಣುಮಕ್ಕಳ ಹಾಗೆ, ಹೋದವು ಬೇಗ ಬರುವುದಿಲ್ಲ. ಅಲ್ಲಿಂದ ಇನ್ನೊಂದು ಕಚೇರಿಯ ಅಭಿಪ್ರಾಯಕ್ಕೆ ಹೋಯಿತಂತೆ, ಅವರು ಮತ್ತೊಬ್ಬರನ್ನು ಕೇಳಿದರಂತೆ. ಎರಡು ವರ್ಷ ಕಳೆಯಿತು. ನೀಲಮ್ಮ ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಿದ್ದಳು. ಬಂದಾಗಲೆಲ್ಲ ಹೊಲದ ಶೇಂಗಾ ಹುರಿದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದಳು. "ಪತ್ರ ಇನ್ನೂ ಬಂದಿಲ್ಲಮ್ಮ" ಎಂದು ನಾನು ಶೇಂಗಾ ಬಿಡಿಸುತ್ತ ಹೇಳುತ್ತಿದ್ದೆ. "ಆಗಲಿ ಬಿಡ್ರಿ, ನಾನೇನು ನಾಳೆ ಹೊಂಟಿಲ್ಲ" ಎಂದು ನಕ್ಕು, ಬಾಗಿಲ ಹತ್ತಿರ ತಿರುಗಿ, "ಆದ್ರ ಭಾಳ ದಿನಾನೂ ಇರಂಗಿಲ್ಲರೀ" ಎನ್ನುತ್ತಿದ್ದಳು. ಆ ಎರಡನೇ ಮಾತನ್ನು ನಾನು ಯಾವ ಟಿಪ್ಪಣಿಯಲ್ಲೂ ಬರೆದುಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅರ್ಧ ಗಡ್ಡ ಕೆರೆದುಕೊಂಡಿದ್ದಾಗ ಫೋನು ಬಂತು. ಅವಳ ಮಗಳು ಗೌರಮ್ಮ. "ಸರ, ಅವ್ವ ಹೋದಳ್ರಿ. ಅಪ್ಪನ ಪಕ್ಕದಾಗ ಕುಂದ್ರಸಬೇಕು ಅಂತೀವಿ. ಆ ಜಾಗ ನೋಟೀಸಿನಾಗ ಐತಲ್ರಿ, ಕುಣಿ ತೆಗಿಬಹುದೇನ್ರಿ?" ನಮ್ಮ ಕಡೆಯ ಜನ ಹೀಗೇ. ಸುಮ್ಮನೆ ಮಾಡಿ ಮುಗಿಸಿದ್ದರೆ ಯಾವ ಸರ್ಕಾರವೂ ಬಂದು ಕೇಳುತ್ತಿರಲಿಲ್ಲ. ಆದರೆ ನೋಟೀಸು ಕೊಟ್ಟವರನ್ನು ಕೇಳುವುದೇ ಮರ್ಯಾದೆ ಎಂದು ನನಗೆ ಫೋನು ಮಾಡಿದರು. ಸೋಪಿನ ನೊರೆ ಮೆತ್ತಿದ ನನ್ನ ಬಾಯಿಂದ ಬಂದದ್ದು ಇಷ್ಟು: "ಸರ್ವೇ ಆಗೋತನಕ ಆ ಜಾಗದಾಗ ಏನೂ ಬದಲಾವಣಿ ಮಾಡಂಗಿಲ್ಲಮ್ಮ." "ಆತ್ರಿ ಸರ" ಎಂದಳು. ನೀಲಮ್ಮನನ್ನು ಊರ ರುದ್ರಭೂಮಿಯಲ್ಲಿ, ಯಾರ್ಯಾರದೋ ಸಮಾಧಿಗಳ ನಡುವೆ ಕೂರಿಸಿದರು. ನಾನು ಉಳಿದರ್ಧ ಗಡ್ಡ ಕೆರೆದುಕೊಂಡು ಕಚೇರಿಗೆ ಹೋದೆ.

ಸ್ಪಷ್ಟೀಕರಣ ಬಂದದ್ದು ಅದಾಗಿ ಮೂರು ವಾರಕ್ಕೆ. ಎರಡೂವರೆ ಪುಟದ ಪ್ರಶ್ನೆಗೆ ಎರಡೇ ಸಾಲಿನ ಉತ್ತರ. ಸರ್ವೇ ವೆಚ್ಚ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿದೆ, ಅದರಿಂದಲೇ ಭರಿಸುವುದು. ನಿಮ್ಮದೇ ಕಡತದ ಏಳನೇ ಪುಟ ನೋಡಿಕೊಳ್ಳುವುದು. ತಿರುವಿ ನೋಡಿದೆ. ಇತ್ತು. ಪುಟದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದುಂಡಗೆ 'ಏಳು' ಎಂದು ಬರೆದವನೂ ನಾನೇ. ಪುಟಕ್ಕೆ ನಂಬರು ಹಾಕಿದ್ದೆ, ಪುಟ ಓದಿರಲಿಲ್ಲ. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನನಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು, ಆ ದುಃಖ ಇವತ್ತಿಗೂ ಇಳಿದಿಲ್ಲ.

ಮರುದಿನವೇ ಸರ್ವೇ. ಯಾರೂ ಕರೆಯದಿದ್ದರೂ ನಾನು ಹೋದೆ. ಖಾಜಾಸಾಬ್ ಅಳೆಯುತ್ತ ಬಂದು ಬೇವಿನ ಗಿಡಕ್ಕೆ ಮೂವತ್ತು ಹೆಜ್ಜೆ ಈಚೆಗೇ ಕಲ್ಲು ಹುಗಿಸಿದ. ಯಜಮಾನರ ಸಮಾಧಿಯೂ ಅದರ ಪಕ್ಕದ ಖಾಲಿ ಜಾಗವೂ ಗೆರೆಯಿಂದ ಪೂರ್ತಿ ಹೊರಗೆ. "ಎರಡು ವರ್ಷದ ಹಿಂದ ಅಳದಿದ್ರೂ ಗೆರಿ ಇಲ್ಲೇ ಬೀಳ್ತಿತ್ರಿ ಸರ" ಎಂದು ಅವನು ಮೆಲ್ಲಗೆ ಅಂದ. ಚುಚ್ಚಲು ಅಂದದ್ದಲ್ಲ, ಅವನ ಕಣ್ಣೂ ಒದ್ದೆಯಾಗಿತ್ತು.

ಗೌರಮ್ಮ ಆ ಖಾಲಿ ಜಾಗದ ಅಂಚಿನಲ್ಲಿ ನಿಂತಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. "ಮಣ್ಣಾದವ್ರನ್ನ ಮತ್ತ ಎಬ್ಬಿಸಬಾರದು ಅಂತಾರ್ರಿ ಸರ. ಅವ್ವ ಅಲ್ಲೇ ಇರಲಿ. ಇಲ್ಲಿಂದ ಒಂದು ಬೊಗಸಿ ಮಣ್ಣು ಒಯ್ದು ಅವ್ವನ ಮ್ಯಾಲ ಹಾಕ್ತೀನಿ, ನಡೀತೈತೇನ್ರಿ?"

ಅವಳದೇ ಹೊಲ, ಅವಳದೇ ಮಣ್ಣು. ಒಯ್ಯಮ್ಮಾ ಎನ್ನಲು ಬಾಯಿ ತೆರೆದೆ. ಮೂವತ್ತು ವರ್ಷದ ನಾಲಗೆ ಕೇಳಬೇಕಲ್ಲ.

"ಒಂದು ಅರ್ಜಿ ಕೊಡಮ್ಮ" ಎಂದೆ.

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತೀರ ವಿನಯದಿಂದ, "ಯಾರ ಹೆಸರಿಗೆ ಬರೀಬೇಕ್ರಿ ಸರ?" ಎಂದಳು. ಯಾರ ಹೆಸರಿಗೆ ಬರೆದರೂ ಅದು ಬರುವುದು ನನ್ನ ಮೇಜಿಗೇ ಎಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ.